ಅಕ್ಕನ ಚಾನೆಲ್‌ಗೆ ನಾನು ಕೊಟ್ಟ ಗಂಡು ದನಿ

‘ಸರ್, ನಿಮ್ಮ ಬಳೆ ತುಂಬಾ ಚೆನ್ನಾಗಿದೆ.’

ನನ್ನ ಅಕ್ಕನ ವಿಡಿಯೋ ಚಾನೆಲ್‌ಗೆ ಹೊರಗಿನವರಿಂದ ಬಂದ ಮೊಟ್ಟಮೊದಲ ಕಾಮೆಂಟ್ ಇದು. ಬರೆದವರು ತಮಾಷೆಗೆ ಬರೆದರೋ, ನಿಜವಾಗಿ ಮೆಚ್ಚಿ ಬರೆದರೋ ಇವತ್ತಿಗೂ ಗೊತ್ತಿಲ್ಲ. ಆದರೆ ಅವರದ್ದೇನೂ ತಪ್ಪಿಲ್ಲ. ಸ್ಕ್ರೀನಿನ ಮೇಲೆ ಕಾಣುತ್ತಿದ್ದದ್ದು ಎರಡು ಕೈ, ಕೈ ತುಂಬಾ ಹಸಿರು ಗಾಜಿನ ಬಳೆ, ಒಂದು ಸ್ಕ್ರೂಡ್ರೈವರ್. ಕೇಳಿಸುತ್ತಿದ್ದದ್ದು ಮಾತ್ರ ಗಡಸು ಗಂಡಸಿನ ದನಿ. ನೋಡಿದವರು ಪಾಪ ಏನಂತ ತಿಳಿದುಕೊಳ್ಳಬೇಕು?

ಆ ದನಿ ಆರಿಸಿದ್ದು ನಾನು. (ಬೈಯುವವರು ಸ್ವಲ್ಪ ತಡೆಯಿರಿ. ಬೈಯುವುದಕ್ಕೆ ಇನ್ನೂ ತುಂಬಾ ಇದೆ.)

ನನ್ನ ಅಕ್ಕ ಗಿರಿಜಾ ಇರುವುದು ಭದ್ರಾವತಿಯಲ್ಲಿ. ಮನೆಯ ಮುಂದಿನ ಒಂದು ಕೋಣೆಯನ್ನೇ ಅಂಗಡಿ ಮಾಡಿಕೊಂಡು ಹೊಲಿಗೆ ಮಷೀನ್ ರಿಪೇರಿ ಮಾಡುತ್ತಾಳೆ. ಹೊಲಿಗೆ ಅಲ್ಲ, ಮಷೀನ್ ರಿಪೇರಿ. ಮೊದಲು ಬ್ಲೌಸ್ ಹೊಲಿಯುತ್ತಿದ್ದಳು. ಮಷೀನ್ ಕೈಕೊಟ್ಟಾಗಲೆಲ್ಲ ಅದರ ತಲೆಯನ್ನು ಬಿಚ್ಚಿ, ಚೀಲದಲ್ಲಿಟ್ಟುಕೊಂಡು ಖಾದರ್ ಸಾಬರ ರಿಪೇರಿ ಅಂಗಡಿಗೆ ಹೋಗುತ್ತಿದ್ದಳು. ಬಿಟ್ಟು ಬರುವ ಬದಲು ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಒಂದು ದಿನ ಸ್ಕ್ರೂಡ್ರೈವರ್ ಕೈಗೆ ಬಂತು. ಸಾಬರ ಕಣ್ಣು ಮಂಜಾಗಿ ಅವರು ಅಂಗಡಿ ಮುಚ್ಚಿದಾಗ ಗಿರಾಕಿಗಳಿಗೆಲ್ಲ ಅಕ್ಕನ ಮನೆಯ ದಾರಿ ತೋರಿಸಿದರು. ಅಕ್ಕ ಅವರನ್ನು ಇವತ್ತಿಗೂ ‘ಉಸ್ತಾದ್’ ಅಂತಲೇ ಕರೆಯುತ್ತಾಳೆ.

ಸಾಬರು ದಾರಿ ತೋರಿಸಿದರು, ಗಿರಾಕಿಗಳು ಬಂದರು. ಬಂದವರು ಬಾಗಿಲಲ್ಲೇ ನಿಂತರು.

‘ಮೆಕ್ಯಾನಿಕ್ ಇಲ್ವೇನಮ್ಮಾ?’

‘ನಾನೇ. ಒಳಗೆ ತಗೊಂಡು ಬನ್ನಿ.’

‘ಅಲ್ಲ, ರಿಪೇರಿ ಮಾಡೋರು?’

‘ರಿಪೇರಿ ಮಾಡೋಳೂ ನಾನೇ.’

‘ಓ... ಹಂಗಾದ್ರೆ ಸಂಜೆ ಬರ್ತೀವಿ.’

ಆ ಸಂಜೆ ಬರುವುದೇ ಇಲ್ಲ. ನಾನು ಹೋದಾಗ ನನ್ನ ಎದುರಿಗೇ ಎಷ್ಟೋ ಸಲ ಹೀಗಾಗಿದೆ. ಬಂದವರಲ್ಲಿ ಹೆಂಗಸರೂ ಇದ್ದರು ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಭಾನುವಾರ ನಮ್ಮ ಭಾವ ಅಂಗಡಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರೆ ಮಾತ್ರ ಜನ ಧೈರ್ಯವಾಗಿ ಒಳಗೆ ಬಂದು ಮಷೀನ್ ಇಳಿಸುತ್ತಾರೆ. ಭಾವನಿಗೆ ಕೆಲಸ ಮಾಚೇನಹಳ್ಳಿಯ ಒಂದು ಕಾಸ್ಟಿಂಗ್ ಯೂನಿಟ್ಟಿನಲ್ಲಿ. ಹೊಲಿಗೆ ಮಷೀನಿನಲ್ಲಿ ಅವರಿಗೆ ಗೊತ್ತಿರುವುದು ಪೆಡಲ್ ಕೆಳಗಿರುತ್ತೆ ಅನ್ನುವುದಷ್ಟೇ.

ಕಳೆದ ವರ್ಷ ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ‘ನೋಡು ಮಾರಾಯ್ತಿ, ಇನ್ನೊಂದು ವರ್ಷ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಈ ಅಂಗಡಿ ಬಾಗಿಲು ಹಾಕಿ ವಾಪಸ್ ಬ್ಲೌಸ್ ಹೊಲಿಯೋಕೆ ಕೂರ್ತೀನಿ. ಅದಕ್ಕೆ ಮೊದ್ಲು ಒಂದು ವಿಷ್ಯ ಹೇಳು. ಮೊಬೈಲ್‌ನಲ್ಲಿ ಮುಖ ತೋರಿಸ್ದೇ ಬರೀ ಕೈ ತೋರ್ಸಿ ವಿಡಿಯೋ ಮಾಡ್ತಾರಲ್ಲ, ಅದು ಹೆಂಗೆ?’

‘ಯಾಕೆ ಮುಖ ಬೇಡ? ನಾಚಿಕೆನಾ?’ ಅಂದೆ.

‘ನಾಚಿಕೆ ಎಂಥದ್ದೇ? ಜನ ಮುಖ ನೋಡಿದ ಮೇಲೆ ತಾನೇ ವಾಪಸ್ ಹೋಗೋದು? ಮೊದ್ಲು ಕೆಲ್ಸ ನೋಡ್ಲಿ. ಕೆಲ್ಸ ನೋಡಿದ ಮೇಲೆ ಎದ್ದು ಹೋಗ್ಲಿ ನೋಡೋಣ.’

ಇಷ್ಟು ಸ್ಪಷ್ಟವಾದ ಕಾರಣ ಇಟ್ಟುಕೊಂಡು ಚಾನೆಲ್ ಶುರು ಮಾಡಿದವರು ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಕಾರಣ ಅಕ್ಕನದ್ದು. ಉಳಿದ ಅವಾಂತರವೆಲ್ಲ ನನ್ನದು. ಅಂಕಣ ಬರೆಯುವವಳಲ್ಲವೇ, ನನಗೆ ಎಲ್ಲ ಗೊತ್ತು! ಶಿವಮೊಗ್ಗದ ಸವಳಂಗ ರಸ್ತೆಯ ನನ್ನ ಮನೆಯಲ್ಲಿ ಕೂತು, ‘ಚಾನೆಲ್ ಬೆಳೆಸುವುದು ಹೇಗೆ’ ಅನ್ನುವ ವಿಡಿಯೋಗಳನ್ನು ಒಂದಾದ ಮೇಲೊಂದು ನೋಡಿ, ನೋಟ್ಸ್ ಮಾಡಿಕೊಂಡು, ಪರೀಕ್ಷೆಗೆ ಹೊರಟವಳ ಹಾಗೆ ಭದ್ರಾವತಿ ಬಸ್ ಹತ್ತಿದೆ.

ಮೊದಲ ವಿಡಿಯೋಗೆ ಸ್ಕ್ರಿಪ್ಟ್ ನಾನೇ ಬರೆದೆ. ‘ಪ್ರಿಯ ವೀಕ್ಷಕರೇ, ಮಾನವನ ನಾಗರಿಕತೆಯ ಬೆಳವಣಿಗೆಯಲ್ಲಿ ಹೊಲಿಗೆ ಯಂತ್ರದ ಪಾತ್ರ ಬಹಳ ಮಹತ್ವದ್ದು’ ಅಂತ ಶುರು. ಅದಕ್ಕೂ ಮುಂಚೆ ಗಿರಗಿರ ತಿರುಗುವ ಒಂದು ಲೋಗೋ. ಅದಾದ ಮೇಲೆ ನಮಸ್ಕಾರ, ಸ್ವಾಗತ, ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ದಾರ ಯಾಕೆ ಗಂಟು ಕಟ್ಟುತ್ತೆ ಅನ್ನುವ ವಿಷಯ ಬರುವ ಹೊತ್ತಿಗೆ ನೋಡುವವರು ಮಷೀನ್ ಮಾರಿ ರೆಡಿಮೇಡ್ ಬಟ್ಟೆ ತಂದಿರುತ್ತಾರೆ. ಅಂಗಡಿಗೆ ಬಂದ ಗಿರಾಕಿಗೆ ಅಕ್ಕ ಯಾವತ್ತಾದರೂ ಹೀಗೆ ಭಾಷಣ ಮಾಡಿದ್ದಳೇ? ಇಲ್ಲ. ‘ಏನಾಗಿದೆ?’ ಅಂತಾಳೆ, ಬಿಚ್ಚುತ್ತಾಳೆ. ಅದು ನನಗೆ ಹೊಳೆಯಲಿಲ್ಲ.

ಆಮೇಲೆ ದನಿ. ಬರೆದದ್ದನ್ನು ತಾನೇ ಓದಿಹೇಳುವ ಆ್ಯಪ್ ಒಂದು ಸಿಕ್ಕಿತು. ಅದರಲ್ಲಿ ಕನ್ನಡಕ್ಕೆ ಎರಡು ದನಿ, ಒಂದು ಗಂಡು, ಒಂದು ಹೆಣ್ಣು. ನಾನು ಎರಡನ್ನೂ ಕೇಳಿ ಗಂಡು ದನಿ ಒತ್ತಿದೆ. ಯಾಕೆ? ‘ಮಷೀನ್ ವಿಷಯ ಅಲ್ವಾ, ಸ್ವಲ್ಪ ತೂಕ ಇರಲಿ’ ಅಂತ. ಮಹಿಳಾ ದಿನಾಚರಣೆಗೆ ಪ್ರತಿ ವರ್ಷ ತಪ್ಪದೇ ಈ ಅಂಕಣದಲ್ಲಿ ಸಮಾನತೆಯ ಬಗ್ಗೆ ಬರೆದವಳು ನಾನು. ನೀವು ಓದಿ ಮೆಚ್ಚಿ ಮೆಸೇಜ್ ಕೂಡ ಕಳಿಸಿದ್ದೀರಿ. ಅದೇ ಕೈಯಿಂದ ಆ ಬಟನ್ ಒತ್ತಿದೆ. ನಾಚಿಕೆಯಾಗುತ್ತದೆ, ಆದರೆ ಬರೆಯದೇ ಇದ್ದರೆ ಇನ್ನೂ ನಾಚಿಕೆ.

ಆ ಗಂಡು ದನಿಯೋ, ‘ಸೂಜಿ ಮುರಿದಿದೆ’ ಅನ್ನುವುದನ್ನೂ ಚುನಾವಣೆ ಫಲಿತಾಂಶ ಪ್ರಕಟಿಸುವ ಗತ್ತಿನಲ್ಲಿ ಓದುತ್ತಿತ್ತು. ಜೊತೆಗೆ ಹಿನ್ನೆಲೆಗೆ ಒಂದು ಮ್ಯೂಸಿಕ್ ಹಾಕಿದೆ. ಡ್ರಮ್ಮು, ಗಿಟಾರು, ಎಲ್ಲ ಸೇರಿಸಿ. ಬಳೆ ಸದ್ದು ಮೈಕಿಗೆ ಬೀಳುತ್ತೆ, ತೆಗೆದಿಡು ಅಂತ ಅಕ್ಕನಿಗೆ ಹೇಳಿದೆ. ‘ಬಳೆ ಹಾಕ್ಕೊಂಡೇ ಈ ಕೆಲ್ಸ ಕಲ್ತಿದ್ದು. ಬೇಕಿದ್ರೆ ನಿನ್ನ ಮೈಕ್ ತೆಗೆದಿಡು’ ಅಂದಳು. ಅದಕ್ಕೇ ಮ್ಯೂಸಿಕ್ಕಿನ ಸೌಂಡು ಇನ್ನಷ್ಟು ಜಾಸ್ತಿ ಮಾಡಿದೆ.

ವಿಡಿಯೋ ಹಾಕಿದ ಕೂಡಲೇ ಫ್ಯಾಮಿಲಿ ಗ್ರೂಪಿನಲ್ಲಿ ಲಿಂಕ್ ಬಿಟ್ಟೆ. ಎಲ್ಲರೂ ಸಬ್‌ಸ್ಕ್ರೈಬ್ ಆಗಲೇಬೇಕು ಅಂತ ಆರ್ಡರ್ ಬೇರೆ. ದುರ್ಗಿಗುಡಿಯ ಚಿಕ್ಕಮ್ಮನಿಂದ ಹಿಡಿದು ಅತ್ತೆಯ ಮಗಳ ಗಂಡನ ತಮ್ಮನವರೆಗೆ ಎಲ್ಲರೂ ಆದರು. ಪಾಪ, ಮರ್ಯಾದೆಗೆ. ವಿಡಿಯೋ ತೆರೆದರು, ನಾಲ್ಕು ಸೆಕೆಂಡ್ ನೋಡಿದರು, ಮುಚ್ಚಿದರು, ಗ್ರೂಪಿಗೆ ಬಂದು ಕೈಮುಗಿಯುವ ಚಿತ್ರ ಹಾಕಿದರು. ನನಗೋ ಖುಷಿ. ಆದರೆ ನಾಲ್ಕು ಸೆಕೆಂಡಿಗೇ ಜನ ಎದ್ದು ಹೋದರೆ ‘ಇದು ನೋಡುವಂಥ ವಿಡಿಯೋ ಅಲ್ಲ’ ಅಂತ ಆ ವಿಡಿಯೋ ಆ್ಯಪಿನ ವ್ಯವಸ್ಥೆಯೇ ತೀರ್ಮಾನ ಮಾಡಿಬಿಡುತ್ತದಂತೆ. ಆಮೇಲೆ ಬೇರೆಯವರಿಗೂ ತೋರಿಸುವುದಿಲ್ಲ. ನಮ್ಮವರ ಪ್ರೀತಿಯೇ ನಮ್ಮ ವಿಡಿಯೋವನ್ನು ಮುಳುಗಿಸಿತು. ಮದುವೆಮನೆಯಲ್ಲಿ ಲೆಕ್ಕಕ್ಕೆ ತಲೆ ತೋರಿಸಿ ಊಟ ಮಾಡದೇ ಹೊರಟವರನ್ನು ನೋಡಿ, ಅಡುಗೆ ಚೆನ್ನಾಗಿಲ್ಲ ಅಂತ ಉಳಿದವರು ಅಂದುಕೊಂಡ ಹಾಗಾಯಿತು.

ವ್ಯೂಸ್ ಏರಲಿಲ್ಲ. ನಾನು ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿದ್ದೆ. ಶಿವಮೊಗ್ಗದಲ್ಲಿ ಬಸ್ ಹತ್ತಿದರೆ ಮಾಚೇನಹಳ್ಳಿ ಬರುವುದರೊಳಗೆ ಮೂರು ಸಲ. ಅಕ್ಕ ಒಮ್ಮೆಯೂ ನೋಡಲಿಲ್ಲ. ‘ಬಿತ್ತಿದ ದಿನವೇ ಮಣ್ಣು ಕೆದಕಿ ನೋಡ್ತಾರೇನೇ?’ ಅಂದಳು. ನನಗೆಲ್ಲಿ ತಾಳ್ಮೆ? ‘ಅಡುಗೆ ಹಾಕೋಣ ಅಕ್ಕ, ಅಡುಗೆಗೆ ಜನ ಬರ್ತಾರೆ’ ಅಂದೆ. ಅವಳ ಪತ್ರೊಡೆ ಮಾಡಿಸಿ ಶೂಟ್ ಮಾಡಿದೆ. ಕೆಸುವಿನ ಎಲೆ, ಹಿಟ್ಟು, ಸುತ್ತುವ ಅದೇ ಎರಡು ಕೈ. ನಿಜಕ್ಕೂ ಜನ ಬಂದರು! ನಾನು ಕುಣಿದಾಡಿಬಿಟ್ಟೆ. ಮುಂದಿನ ವಾರ, ಕೆಳಗಿನ ದಾರ ಕೂರುವ ಬಾಬಿನ್ ಕೇಸ್ ಕ್ಲೀನ್ ಮಾಡುವ ವಿಡಿಯೋ ಹಾಕಿದೆವು. ಒಬ್ಬರೂ ನಿಲ್ಲಲಿಲ್ಲ. ಪತ್ರೊಡೆಗೆ ಅಂತ ಬಂದು ಕೂತವರಿಗೆ ಬಾಬಿನ್ ಬಡಿಸಿದರೆ ಎದ್ದು ಹೋಗದೇ ಇನ್ನೇನು ಮಾಡುತ್ತಾರೆ?

ಆ ಬಾಬಿನ್ ವಿಡಿಯೋಗೆ ಬಂದದ್ದೇ ಮೇಲೆ ಹೇಳಿದ ಬಳೆಯ ಕಾಮೆಂಟ್. ನಾನು ನಗುತ್ತಾ ಓದಿ ಹೇಳಿದೆ. ಅಕ್ಕನೂ ನಕ್ಕಳು. ನಕ್ಕು ಮುಗಿದ ಮೇಲೆ ಕೈಯಲ್ಲಿದ್ದ ಎಣ್ಣೆ ಡಬ್ಬಿ ಕೆಳಗಿಟ್ಟಳು.

‘ಅಂಗಡಿಗೆ ಬಂದ್ರೂ ಅವನನ್ನೇ ಕೇಳ್ತಾರೆ. ಈಗ ಮೊಬೈಲ್ ಒಳಗೂ ಅವನೇ ಬಂದ್ನಾ?’

ಇಷ್ಟು ವರ್ಷದಿಂದ ಬಾಗಿಲಲ್ಲಿ ನಿಂತು ಜನ ಕೇಳುತ್ತಿದ್ದ ಆ ಇಲ್ಲದ ಗಂಡಸನ್ನು ನಾನೇ ಹುಡುಕಿ ತಂದು, ಅಕ್ಕನ ಕೈಗಳ ಮೇಲೆ ಕೂರಿಸಿಬಿಟ್ಟಿದ್ದೆ. ಸಿಟ್ಟು ಬಂತು. ಬೇರೆ ಯಾರ ಮೇಲೂ ಅಲ್ಲ.

ಅದೇ ವಾರ ಇಬ್ಬರೂ ಖಾದರ್ ಸಾಬರ ಮನೆಗೆ ಹೋದೆವು. ಸಾಬರಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಅಕ್ಕನ ವಿಡಿಯೋ ಬಂದಾಗ ಸೊಸೆ ಹಚ್ಚಿಕೊಡುತ್ತಾರಂತೆ, ಇವರು ಮೊಬೈಲನ್ನು ಕಿವಿಗೆ ಹಿಡಿದು ಕೇಳುತ್ತಾರಂತೆ. ಚಾ ಬರುವ ಮೊದಲೇ ಶುರು ಮಾಡಿದರು.

‘ಗಿರಿಜಮ್ಮಾ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ವಿಡಿಯೋದಾಗೆ ಬ್ಯಾಂಡ್‌ಸೆಟ್ ಕೇಳ್ತೈತೆ. ಯಾರೋ ಒಬ್ಬ ನ್ಯೂಸ್ ಓದ್ತಾನೆ. ಮಷೀನ್ ಎಲ್ಲಿಟ್ಟೆ?’

‘ಮಷೀನ್ ಇದೆಯಲ್ಲ ಉಸ್ತಾದ್, ಅದನ್ನೇ ತೋರ್ಸಿರೋದು.’

‘ತೋರ್ಸಿದ್ರೆ ಏನು ಬಂತು? ನಾನು ನಿನಗೆ ಮಷೀನ್ ನೋಡೋಕೆ ಕಲ್ಸಿದ್ನಾ, ಕೇಳೋಕೆ ಕಲ್ಸಿದ್ನಾ? ಸೂಜಿ ತಾಗಿದ್ರೆ ಒಂದು ಸದ್ದು, ದಾರ ಸಿಕ್ಕೊಂಡ್ರೆ ಇನ್ನೊಂದು ಸದ್ದು. ಎಣ್ಣೆ ಒಣಗಿದ್ರೆ ಬೇರೇನೇ. ಅದೆಲ್ಲ ಬ್ಯಾಂಡ್‌ಸೆಟ್ ಕೆಳಗೆ ಹೂತು ಹಾಕಿದ್ರೆ ಜನ ಏನು ಕಲೀತಾರೆ ಅಮ್ಮಾ?’

ನಾನು ಬಿಸ್ಕೆಟ್ ಪ್ಲೇಟ್ ನೋಡುತ್ತಾ ಕೂತೆ.

ನೀವೇ ಯೋಚಿಸಿ. ಹೊಲಿಗೆ ಮಷೀನ್ ರಿಪೇರಿ ಅನ್ನುವುದು ಅರ್ಧಕ್ಕರ್ಧ ಕಿವಿಯ ಕೆಲಸ. ಅಕ್ಕ ಮಷೀನ್ ಬಿಚ್ಚುವ ಮುಂಚೆ ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಕತ್ತು ಓರೆ ಮಾಡಿ ಕೇಳುತ್ತಾಳೆ. ಅದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೋಡಿಯೂ ನೋಡದ ಹಾಗೆ ಮುಖ್ಯವಾದದ್ದನ್ನೇ ಅಳಿಸಿ ಡ್ರಮ್ಸ್ ಬಾರಿಸಿದೆ. ಕಣ್ಣಿರುವ ನಾವೆಲ್ಲ ‘ಲೈಟಿಂಗ್ ಚೆನ್ನಾಗಿದೆ, ಎಡಿಟಿಂಗ್ ಸೂಪರ್’ ಅನ್ನುತ್ತಿದ್ದೆವು. ತಪ್ಪು ಸಿಕ್ಕಿದ್ದು ಕಣ್ಣು ಮಂಜಾದವರಿಗೆ.

ವಾಪಸ್ ಬರುವಾಗ ಆಟೋದಲ್ಲಿ ಅಕ್ಕ ಹೇಳಿದಳು, ‘ನಾಳೆಯಿಂದ ನೀನು ಮೊಬೈಲ್ ಹಿಡ್ಕೊಂಡು ನಿಂತ್ಕೋ, ಸಾಕು. ಮಾತು ನಂದು.’

ಮಾರನೇ ದಿನ ಬೆಳಿಗ್ಗೆ ಕಸ ಗುಡಿಸಿ, ಅಂಗಡಿ ತೆರೆಯುವ ಮುಂಚೆ ಶೂಟಿಂಗ್. ಲೋಗೋ ಇಲ್ಲ. ನಮಸ್ಕಾರ ಇಲ್ಲ. ನಾಗರಿಕತೆಯಂತೂ ಇಲ್ಲವೇ ಇಲ್ಲ. ಕೆಟ್ಟ ಮಷೀನ್ ಒಂದನ್ನು ತುಳಿದಳು. ಟಕ್, ಟಕ್, ಟಕ್. ಆಮೇಲೆ ಅವಳ ದನಿ, ಅಂಗಡಿಯಲ್ಲಿ ಇರುವ ಹಾಗೇ. ‘ಕೇಳಿಸ್ತಾ? ಚಕ್ರ ಒಂದು ಸುತ್ತು ಬಂದಾಗ ಒಂದ್ಸಲ ಟಕ್ ಅನ್ನುತ್ತೆ. ಇದು ಸೂಜಿ ತಾಗ್ತಿರೋದು. ಹೆದ್ರಬೇಡಿ, ಮಷೀನ್ ಹಾಳಾಗಿಲ್ಲ.’ ಬಿಚ್ಚಿದಳು, ತೋರಿಸಿದಳು, ಸರಿ ಮಾಡಿದಳು, ಮತ್ತೆ ತುಳಿದಳು. ಈ ಸಲ ಟಕ್ ಇಲ್ಲ. ‘ಈಗ ಕೇಳಿ’ ಅಂದು ಸುಮ್ಮನಾದಳು. ಅಷ್ಟೇ ವಿಡಿಯೋ. ಬಳೆಯೂ ಸದ್ದು ಮಾಡಿತು. ಯಾರಿಗೂ ಅಡ್ಡ ಬರಲಿಲ್ಲ.

ಮರುದಿನವೇ ಲೋಕ ಬದಲಾಯಿತು ಅಂತ ಬರೆದರೆ ನೀವು ನಂಬುತ್ತೀರೋ ಏನೋ, ನಾನು ಬರೆಯುವುದಿಲ್ಲ. ಮೊದಲ ಎರಡು ವಾರ ಪತ್ರೊಡೆಯ ಅರ್ಧದಷ್ಟೂ ಜನ ಬರಲಿಲ್ಲ. ‘ಮೇಡಂ ಅಡುಗೆ ಹಾಕಿ, ಇದೆಲ್ಲ ಯಾಕೆ?’ ಅಂತ ಒಬ್ಬರು. ಅಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತಿ ಉತ್ತರ ಕೊಟ್ಟಳು, ‘ಅಡುಗೆ ಮುಗಿಸಿಯೇ ಅಂಗಡಿಗೆ ಬಂದಿದ್ದೇನೆ.’ ಇನ್ನೊಬ್ಬ ಮಹಾಶಯರು ಬರೆದರು, ‘ಇದನ್ನು ನಿಮ್ಮ ಯಜಮಾನರ ಹತ್ತಿರ ಒಮ್ಮೆ ಕೇಳಿ ಹಾಕಿ.’

ಇದಕ್ಕೆ ಉತ್ತರ ಕೊಟ್ಟವರು ನಮ್ಮ ಭಾವ. ಶಿಫ್ಟ್ ಮುಗಿಸಿ ಬಂದು, ಕೈ ತೊಳೆದು, ಕನ್ನಡಕ ಹಾಕಿಕೊಂಡು ತಾವೇ ಟೈಪ್ ಮಾಡಿದರು. ‘ನಾನೇ ಯಜಮಾನ. ನನಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಬರುವುದಿಲ್ಲ. ಅವಳನ್ನೇ ಕೇಳಿ.’ (ಭಾವ, ಇಪ್ಪತ್ತೆಂಟು ವರ್ಷದಲ್ಲಿ ನೀವು ಬರೆದ ಅತ್ಯುತ್ತಮ ಪ್ರೇಮಪತ್ರ ಇದು. ಅಕ್ಕ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.)

ಆಮೇಲೆ ನಿಧಾನಕ್ಕೆ ಬಂದರು. ಈ ಸಲ ಬಂದವರು ಬೇರೆ ಥರದ ಜನ. ಮನೆಯಲ್ಲಿ ಮಷೀನ್ ಇರುವವರು, ಅದು ಕೆಟ್ಟು ಮೂಲೆ ಸೇರಿರುವವರು, ಮೆಕ್ಯಾನಿಕ್ ಇರುವ ಊರಿಗೆ ಬಸ್ ಹಿಡಿದು ಹೋಗಬೇಕಾದವರು. ಅವರು ನಾಲ್ಕು ಸೆಕೆಂಡಿಗೆ ಎದ್ದು ಹೋಗಲಿಲ್ಲ. ಮಷೀನ್ ಮುಂದೆಯೇ ಮೊಬೈಲ್ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ, ಮತ್ತೆ ಹಿಂದಕ್ಕೆ ಹಾಕಿ ನೋಡಿದರು. ತಮ್ಮ ಮಷೀನ್ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದರು. ಅಕ್ಕ ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ಆ ಸದ್ದುಗಳನ್ನು ಕೇಳುತ್ತಾಳೆ. ಇಡೀ ಕರ್ನಾಟಕದ ಕೆಟ್ಟ ಹೊಲಿಗೆ ಮಷೀನುಗಳೆಲ್ಲ ಈಗ ಭದ್ರಾವತಿಯ ಒಂದು ಕೋಣೆಯಲ್ಲಿ ಕೂಗುತ್ತಿವೆ!

ಬ್ಲೌಸ್ ಹೊಲಿಯುವುದಕ್ಕೆ ವಾಪಸ್ ಹೋಗುವ ಮಾತು ಅವಳ ಬಾಯಲ್ಲಿ ಈಗ ಬರುವುದಿಲ್ಲ. ನಾನೂ ನೆನಪಿಸಲು ಹೋಗಿಲ್ಲ.

‘ಒಮ್ಮೆ ಮುಖ ತೋರಿಸಿ ಮೇಡಂ’ ಅಂತ ಈಚೆಗೆ ತುಂಬಾ ಜನ ಕೇಳುತ್ತಾರೆ. ನಾನೂ ಹೇಳಿದೆ, ಈಗ ತೋರ್ಸಬಹುದಲ್ಲ ಅಂತ. ‘ಯಾಕೆ? ಮುಖ ನೋಡಿದ್ರೆ ಅವರ ಮಷೀನ್ ಸರಿ ಹೋಗುತ್ತಾ?’ ಅಂದಳು. ನನ್ನ ಅಕ್ಕ ಅಂತ ಹೊಗಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ. ಹೌದು, ನನ್ನ ಅಕ್ಕ. ಹೆಮ್ಮೆಯಿಂದ ಹೇಳುತ್ತೇನೆ. ನಾನು ಮಾಡಬಹುದಾದ ತಪ್ಪುಗಳನ್ನೆಲ್ಲ ಅವಳ ತಲೆಗೆ ಕಟ್ಟಿದ ಮೇಲೂ ಆ ಚಾನೆಲ್ ಉಳಿದಿದೆ ಅಂದರೆ ಅದು ಪೂರ್ತಿ ಅವಳದ್ದೇ ಶಕ್ತಿ.

ಇಷ್ಟೆಲ್ಲ ಇವತ್ತು ಬರೆಯಲು ಕಾರಣ ಹೋದ ಶನಿವಾರದ ಒಂದು ಫೋನ್ ಕಾಲ್.

ಶೂಟಿಂಗ್ ಅಂತ ನಾನು ಅಂಗಡಿಯಲ್ಲೇ ಇದ್ದೆ. ಚಾನೆಲ್‌ನಲ್ಲಿ ಹಾಕಿರುವ ಅಂಗಡಿ ನಂಬರಿಗೆ ಕಾಲ್ ಬಂತು. ಅಕ್ಕನ ಕೈಗೆ ಎಣ್ಣೆ ಮೆತ್ತಿತ್ತು, ನಾನೇ ಸ್ಪೀಕರ್ ಹಾಕಿ ಹಿಡಿದೆ. ಗಂಡಸಿನ ದನಿ. ಈ ಸಲ ನಿಜವಾದದ್ದು.

‘ಮೇಡಂ, ಚನ್ನಗಿರಿ ಕಡೆಯಿಂದ ಮಾತಾಡ್ತಿದೀನಿ. ನಾನೂ ಮಷೀನ್ ಮೆಕ್ಯಾನಿಕ್ಕೇ. ಇಪ್ಪತ್ತು ವರ್ಷದಿಂದ ಇದೇ ಕೆಲ್ಸ. ಒಂದು ಮಷೀನ್ ಬಂದೈತೆ, ಹೊಲಿಗೆ ಬಿಟ್ಟು ಬಿಟ್ಟು ಬೀಳ್ತೈತೆ. ಸೂಜಿ ಬದ್ಲಾಯಿಸ್ದೆ, ಕೆಳಗಿನ ಶಟಲ್ ಎರಡು ಸಲ ಬದ್ಲಾಯಿಸ್ದೆ. ತೊಂದ್ರೆ ಹೋಗ್ತಾನೇ ಇಲ್ಲ. ಸೌಂಡ್ ಕೇಳಿ ಹೇಳ್ತೀರಂತಲ್ಲ...’

‘ಫೋನ್ ಮಷೀನ್ ಹತ್ರ ಹಿಡೀರಿ. ನಿಧಾನಕ್ಕೆ ತುಳೀರಿ’ ಅಂದಳು ಅಕ್ಕ.

ತುಳಿದರು. ನನಗೆ ಎಲ್ಲ ಮಷೀನಿನ ಹಾಗೇ ಕೇಳಿಸಿತು. ಅಕ್ಕ ಕತ್ತು ಓರೆ ಮಾಡಿದಳು. ‘ಈಗ ಜೋರಾಗಿ ತುಳೀರಿ.’ ತುಳಿದರು. ‘ನಿಲ್ಸಿ’ ಅಂದಳು. ಅವಳ ತುಟಿಯಲ್ಲಿ ಸಣ್ಣ ನಗು. ಸಿಕ್ಕಿತು ಅಂತ ನನಗೆ ಗೊತ್ತಾಯಿತು.

‘ಶಟಲ್ ಮೇಲೆ ಯಾಕೆ ಅನುಮಾನ ಪಡ್ತೀರಿ? ನಿಧಾನಕ್ಕೆ ತುಳಿದ್ರೆ ಸದ್ದಿಲ್ಲ, ಜೋರಾಗಿ ತುಳಿದ್ರೆ ಮೇಲಿಂದ ಸಣ್ಣಗೆ ಕಟಕಟ ಅಂತಿದೆ...’

‘ಮೇಡಂ, ಮೇಡಂ, ಒಂದ್ನಿಮಿಷ.’ ಆ ಕಡೆಯವರ ದನಿ ತಟ್ಟನೆ ತಗ್ಗಿತು. ‘ಸ್ವಲ್ಪ ಮೆಲ್ಲಗೆ ಹೇಳ್ತೀರಾ? ಗಿರಾಕಿ ಇಲ್ಲೇ ಎದ್ರಿಗೆ ಕೂತಿದಾರೆ.’

ನನಗೆ ಉರಿದು ಹೋಯಿತು. ಫೋನ್ ಕಟ್ ಮಾಡೋಣ ಅನ್ನಿಸಿತು. ಅಕ್ಕ ತಲೆ ಅಲ್ಲಾಡಿಸಿ ಬೇಡ ಅಂದಳು. ಬಟ್ಟೆಯಲ್ಲಿ ನಿಧಾನವಾಗಿ ಕೈ ಒರೆಸಿಕೊಂಡಳು. ಫೋನನ್ನು ತಾನೇ ತೆಗೆದುಕೊಂಡಳು.

‘ನೋಡಿ ಅಣ್ಣಾ, ಹೇಳ್ಕೊಡೋಕೆ ನಂಗೇನೂ ಬೇಜಾರಿಲ್ಲ. ಆದ್ರೆ ಮೆಲ್ಲಗೆ ಮಾತಾಡೋಕೆ ನಂಗೆ ಬರಲ್ಲ. ನೀವೂ ಸ್ಪೀಕರ್ ಹಾಕಿ. ಗಿರಾಕಿನೂ ಕೇಳ್ಲಿ.’

ಆ ಕಡೆ ಫ್ಯಾನ್ ತಿರುಗುವುದು ಕೇಳಿಸುತ್ತಿತ್ತು, ಯಾವುದೋ ಬೈಕ್ ಹೋದದ್ದು ಕೇಳಿಸಿತು. ಇನ್ನೇನು ಫೋನ್ ಇಟ್ಟೇಬಿಡುತ್ತಾರೆ ಅಂದುಕೊಂಡೆ. ಅಕ್ಕ ಕಾದಳು. ಹೊರಗೆ ಎಷ್ಟು ಜನ ನೋಡಿದರೂ ಮೆಚ್ಚಿದರೂ, ಇದೇ ಕೆಲಸ ಮಾಡುವ ಒಬ್ಬ ಗಂಡಸು ಇನ್ನೊಬ್ಬರ ಎದುರು ಅವಳನ್ನು ಒಪ್ಪಿಕೊಳ್ಳುವುದು ಬೇರೆ. ಸಾಬರನ್ನು ಬಿಟ್ಟರೆ ಅದು ಇಷ್ಟು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ.

ಆಮೇಲೆ ಸಣ್ಣದಾಗಿ ‘ಟಿಕ್’ ಅಂತು. ಬೇರೆ ಥರ, ದೊಡ್ಡ ಕೋಣೆಯೊಳಗಿಂದ ಬಂದ ಹಾಗೆ, ಅವರ ದನಿ ಕೇಳಿಸಿತು. ‘ಅಮ್ಮಾ, ಇವರು ಭದ್ರಾವತಿ ಮೇಡಂ. ನಿಮ್ಮ ಮಷೀನ್ ನಂಗೆ ಬಗೆಹರೀಲಿಲ್ಲ, ಅದಕ್ಕೆ ಇವರನ್ನ ಕೇಳ್ತಿದೀನಿ. ಹೇಳಿ ಮೇಡಂ.’

‘ಸೂಜಿ ಕಚ್ಕೊಂಡಿರುತ್ತಲ್ಲ ನೀಡಲ್ ಬಾರು, ಅದರ ಸ್ಕ್ರೂ ಸಡ್ಲ ಆಗಿದೆ’ ಅಂದಳು ಅಕ್ಕ, ಎಂದಿಗಿಂತ ಸ್ವಲ್ಪ ಜೋರಾಗೇ. ‘ಬಾರು ಮೇಲಕ್ಕೆ ಜಾರಿದೆ. ಇಳಿಸಿ ಟೈಟ್ ಮಾಡಿ, ಹೊಲಿಗೆ ಬೀಳುತ್ತೆ.’

ಬಿತ್ತು. ಸದ್ದು ನಾವೇ ಕೇಳಿದೆವು.

ಇಪ್ಪತ್ತು ವರ್ಷ ಅನುಭವ ಇರುವ ಆ ಮನುಷ್ಯ ಗಿರಾಕಿಯ ಎದುರು ಸ್ಪೀಕರ್ ಹಾಕಿದರು. ಅವರ ಜಾಗದಲ್ಲಿ ನೀವಿದ್ದರೆ ಹಾಕುತ್ತಿದ್ದಿರಾ?